ಶ್ರೀರಂಗಪಟ್ಟಣದ ಹಳಿ ಹಾಕಿದವರು ಯಾರು?



ಹೋದ ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಸುತ್ತ ಕಾವೇರಿ, ನಡುವೆ ಕೋಟೆ, ಪಕ್ಕದಲ್ಲೇ ಹಳೇ ರೈಲ್ವೆ ಸೇತುವೆ. ಗೈಡ್ ರಂಗನಾಥನ ಗುಡಿ ತೋರಿಸಿದ, ಟಿಪ್ಪು ಸತ್ತ ಜಾಗ ತೋರಿಸಿದ. ರೈಲು ದಾರಿ ಬಗ್ಗೆ ಕೇಳಿದ್ರೆ "ಬ್ರಿಟಿಷರು ಮಾಡಿದ್ದು ಸಾರ್" ಅಂದ.

ಬ್ರಿಟಿಷರು ಮಣ್ಣು ಹೊತ್ತರೇನ್ರಿ? 1876-78ರ ಮಹಾಬರದಾಗ ಹಸಿದವರಿಗೆ ಪರಿಹಾರದ ಕೆಲಸ ಅಂತ ಕೊಟ್ಟಿದ್ದು ಈ ಬೆಂಗಳೂರು-ಮೈಸೂರು ದಾರಿಯ ಮಣ್ಣಿನ ಕೆಲಸ. ಮೈಸೂರು ಸಂಸ್ಥಾನದ ಜನಗಣತಿ ತೆಗೆದು ನೋಡ್ರಿ: 1871ರಲ್ಲಿ 50 ಲಕ್ಷ, 1881ರಲ್ಲಿ 42 ಲಕ್ಷ. ಮನೆಯಲ್ಲಿ ಕಣಜ ಇದ್ದವರು ಬುಟ್ಟಿ ಹೊರಲಿಕ್ಕೆ ಬಂದಿರಲಿಕ್ಕಿಲ್ಲ. ಹೊಲ ಇಲ್ಲದವರು ಬಂದರು. ನಮ್ಮ ಕೇರಿಗಳಲ್ಲಿ ಹೊಲ ಎಷ್ಟು ಜನಕ್ಕಿತ್ತು?

2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂತು ಅಂತ ಟಿಪ್ಪುವಿನ ಶಸ್ತ್ರಾಗಾರವನ್ನ, ಸಾವಿರ ಟನ್ ತೂಕದ್ದನ್ನ, ಇಡಿಯಾಗಿ ಜಾಕ್ ಮೇಲೆ ಎತ್ತಿ ಆಚೆ ಸರಿಸಿದರು. ಒಳ್ಳೇದಾಯ್ತು, ಅದು ಉಳೀಬೇಕು. ಟಿಪ್ಪು ಹೆಸರು ಕೇಳಿದ್ರೆ ಉರಿಯೋರ ಜತೆ ನಾನಿಲ್ಲ. ಆದ್ರೆ ರಸ್ತೆಗೋ ಹಳಿಗೋ ನಮ್ಮ ಗುಡಿಸಲು ಅಡ್ಡ ಬಂದ್ರೆ ಬರೋದು ಜೆಸಿಬಿ. ಜಾಕ್ ಬರಂಗಿಲ್ಲ.

ನಮ್ಮ ಗೊಟಗೋಡಿ ರಾಕ್ ಗಾರ್ಡನ್ನಿನಾಗ ದುಡಿಯೋ ಜನರನ್ನ ಸಿಮೆಂಟಿನಲ್ಲಾದ್ರೂ ನಿಲ್ಲಿಸ್ಯಾರ. ಇಲ್ಲಿ ನನ್ನ ಕಣ್ಣಿಗೆ ಅದೂ ಬೀಳಲಿಲ್ಲ.

ರೈಲ್ವೆಗೂ ಪುರಾತತ್ವ ಇಲಾಖೆಗೂ ಅರ್ಜಿ ಬರೀತಿದ್ದೀನಿ: ಶ್ರೀರಂಗಪಟ್ಟಣ ಸ್ಟೇಷನ್ನಿನಲ್ಲಿ ಬರದ ಕೂಲಿಗಳ ನೆನಪಿಗೆ ಒಂದು ಕಲ್ಲು ನಿಲ್ಲಿಸಿ, ಕನ್ನಡದಲ್ಲಿ ಬರೆಸಿ. ಸಹಿ ಹಾಕೋರು ಕೆಳಗೆ ಹೆಸರು, ಊರು ಬರೀರಿ.