ಗುಡಿಯಿಲ್ಲದ ಗುಡ್ಡ

ರಷ್ಯಾದ ಚಿತ್ರಕಾರ ನಿಕೊಲಸ್ ರೋರಿಚ್ (1874–1947) ಕುಲು ಕಣಿವೆಯ ನಗ್ಗರದಲ್ಲಿ ನೆಲೆಸಿ ಹಿಮಾಲಯವನ್ನೇ ತಮ್ಮ ಕಲೆಯ ವಸ್ತುವಾಗಿಸಿಕೊಂಡರು. ಅವರ ಮಗ ಸ್ವೆಟೊಸ್ಲಾವ್ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ಬಾಳಿ 1993ರಲ್ಲಿ ತೀರಿಕೊಂಡರು. ಈ ತಂದೆ-ಮಗನ ಚಿತ್ರಗಳು ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿವೆ. ತಂದೆಯ ಪರ್ವತಚಿತ್ರಗಳಲ್ಲಿ ಸಣ್ಣ ವಿವರಗಳು ಕಳಚಿ, ನೀಲಿ-ನೇರಳೆಯ ವಿಶಾಲ ಹರವು ಉಳಿಯುತ್ತದೆ. ಮನುಷ್ಯನಿದ್ದರೂ ಶಿಖರದ ಎದುರು ಎಳ್ಳಿನಷ್ಟು. ನೋಡುವವನ ಅಹಂಕಾರವನ್ನು ಕುಗ್ಗಿಸುವ ಈ ಪ್ರಮಾಣದಲ್ಲೇ ಅವರ ಅಧ್ಯಾತ್ಮವಿದೆ.

ಇಂಥ ದೃಷ್ಟಿಗೆ ಹಿಮಾಲಯವೇ ಬೇಕೆಂಬ ಭಾವನೆ ಸರಿಯಲ್ಲ. ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆಯಲ್ಲಿ ಹಿಮವಿಲ್ಲ, ಮಳೆಯೂ ಕಡಿಮೆ. ಆದರೆ ಬೋಳು ಬಂಡೆಗುಡ್ಡಗಳಿವೆ, ಕೆಂಪು ನೆಲವಿದೆ, ಕಡಲೆಕಾಯಿ ಹೊಲಗಳ ಮೇಲೆ ತೆರೆದ ಆಕಾಶವಿದೆ. ಸಂಜೆಯ ಬೆಳಕಿನಲ್ಲಿ ಗುಡ್ಡದ ವಿವರಗಳು ತಾವಾಗಿಯೇ ಅಳಿದು ಆಕಾರವೊಂದೇ ನಿಲ್ಲುತ್ತದೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಹಿಂದೂಪುರದ ಸೀಮೆಗಿಳಿಯುವ ಪೆನ್ನೆಗೆ ಉತ್ತರ ಪಿನಾಕಿನಿಯೆಂದು ಶಿವನ ಬಿಲ್ಲಿನ ಹೆಸರಿದೆ. ನೀರು ಬತ್ತಿದಾಗಲೂ ಜನ ಆ ಹೆಸರನ್ನು ಬಿಟ್ಟಿಲ್ಲ.

ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ಶಿಲ್ಪಿಗಳು 16ನೆಯ ಶತಮಾನದಲ್ಲೇ ಬಂಡೆಯ ಮಹಿಮೆಯನ್ನು ಅರಿತಿದ್ದರು. ಆಮೆಯ ಬೆನ್ನಿನಂಥ ಕೂರ್ಮಶೈಲದ ಮೇಲೆ ಗುಡಿ ಕಟ್ಟಿದರು. ಹೆಬ್ಬಂಡೆಯಲ್ಲಿ ಹೆಡೆಯೆತ್ತಿದ ನಾಗನನ್ನೂ ಒಂದೇ ಕಲ್ಲಿನಲ್ಲಿ ನಂದಿಯನ್ನೂ ಕಂಡರಿಸಿದರು. ಆದರೆ ಅಲ್ಲಿನ ಚಾವಣಿಯ ವರ್ಣಚಿತ್ರಗಳಲ್ಲಿ ದೇವತೆಗಳದ್ದೇ ಕಥೆ. ಮರ, ಬೆಟ್ಟಗಳು ಆ ಕಥೆಗೆ ಹಿನ್ನೆಲೆ ಮಾತ್ರ. ಆ ಹಿನ್ನೆಲೆಯನ್ನು ಮುನ್ನೆಲೆಗೆ ತಂದದ್ದು ಆಧುನಿಕ ಭೂದೃಶ್ಯಚಿತ್ರದ ಸಾಧನೆ. ಈ ಸೀಮೆಯ ಗುಡ್ಡಗಳೂ ಅಂಥ ಕಣ್ಣಿಗಾಗಿ ಕಾದಿವೆ.

ಇದು ರಸಿಕರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ತಳ್ಳಿಹಾಕಲಾಗದು. ಬಂಡೆಯನ್ನು ಜಲ್ಲಿಯ ರಾಶಿಯೆಂದು ಕಾಣುವವನಿಗೆ ಗುಡ್ಡ ಕರಗಿದರೆ ನಷ್ಟವೆನಿಸದು. ಗುಡಿಯಿರುವ ಗುಡ್ಡವಷ್ಟೇ ಪವಿತ್ರವೆಂದು ತಿಳಿದವನೂ ಉಳಿದ ಗುಡ್ಡಗಳನ್ನು ಸುತ್ತಿಗೆಗೆ ಒಪ್ಪಿಸಿಬಿಡುತ್ತಾನೆ. ಗುಡಿಯಿಲ್ಲದ ಗುಡ್ಡದಲ್ಲೂ ಪೂಜ್ಯತೆಯನ್ನು ಕಾಣಿಸುವ ಶಕ್ತಿ ಚಿತ್ರಕ್ಕಿದೆ.

ಕುಂಚ ಹಿಡಿಯದ ಕನ್ನಡ ಐಚ್ಛಿಕ ವಿದ್ಯಾರ್ಥಿಗೂ ಇದರಲ್ಲಿ ಪಾಲಿದೆ. ಗಡಿಸೀಮೆಯ ಹಿರಿಯರ ಬಾಯಲ್ಲಿ ಗುಡ್ಡ, ಗುಂಡು, ದೊಣೆಗಳ ಕನ್ನಡ ಹೆಸರುಗಳು ಇನ್ನೂ ಉಳಿದಿವೆ. ಅವನ್ನು ಕೇಳಿ, ಆ ಜಾಗದಲ್ಲಿ ನಿಂತು ನೋಡಿ, ಕಂಡದ್ದನ್ನು ಬರೆದಿಡಬೇಕು. ಹೆಸರು ಗೊತ್ತಿರುವ ಬಂಡೆಯನ್ನು ಒಡೆಯುವ ಮುನ್ನ ಊರು ಒಮ್ಮೆಯಾದರೂ ಯೋಚಿಸುತ್ತದೆ.