ಹೆಸರಿಗಿಂತ ಅಳತೆ ದೊಡ್ಡದು

ಅಂತರ್ಜಾಲದ ಆಟಗಳಲ್ಲಿ ಒಂದೇ ತಂಡದ ತರುಣರು, ಬೇರೆ ಬೇರೆ ದೇಶಗಳಲ್ಲಿದ್ದರೂ, ಆಡುತ್ತಾಡುತ್ತ ತಾವು ಕಂಡು ಕೇಳಿದ ತೀಕ್ಷ್ಣ ಮದ್ಯಗಳನ್ನು ಬಣ್ಣಿಸಿ ನಗುವದುಂಟು. ಆ ನಗೆಗೆ ನಮ್ಮ ಅಡ್ಡಿಯಿಲ್ಲ. ಆದರೆ ಅಲ್ಲಿ ಹೆಸರಿನ ವೈಚಿತ್ರ್ಯಕ್ಕಿರುವ ಮನ್ನಣೆಯು ಅಳತೆಗಿಲ್ಲ. ನಮ್ಮ ಆಕ್ಷೇಪವು ಇದೇ.

ಆಬ್ಸಿಂತ್ ಎಂಬ ಹಸಿರು ಮದ್ಯವನ್ನೇ ನೋಡಿರಿ. ಅದರಲ್ಲಿಯ ಕಹಿ ಸಸ್ಯವು ಹುಚ್ಚು ಹಿಡಿಸುವದೆಂದು ಹೆದರಿ ಸ್ವಿಟ್ಜರ್ಲೆಂಡ್ 1910ರಲ್ಲಿಯೂ ಫ್ರಾನ್ಸ್ 1915ರಲ್ಲಿಯೂ ಅದನ್ನು ನಿಷೇಧಿಸಿದವು. ಸ್ವಿಸ್ ನಿಷೇಧವು 2005ರಲ್ಲಿ ತೆರವಾಯಿತು. ಮುಖ್ಯ ದೋಷವು ಸಸ್ಯದ್ದಲ್ಲ, ಮದ್ಯಸಾರದ್ದೇ ಎಂಬುದು ಈಗಿನ ಶಾಸ್ತ್ರಜ್ಞರ ಮತ.

ಪೋಲೆಂಡಿನ ಸ್ಪಿರಿಟುಸಿನಲ್ಲಿ ಮದ್ಯಸಾರವು ನೂರಕ್ಕೆ 95ರಷ್ಟಿರುವದು. ಅದರ 30 ಮಿಲಿಲೀಟರು, ನೂರಕ್ಕೆ 5ರ ಬಿಯರಿನ 570 ಮಿಲಿಲೀಟರಿಗೆ ಸಮ. ಆ ನಾಡಿನ ಮನೆಗಳಲ್ಲಿ ಅದನ್ನು ನೀರು ಬೆರೆಸಿ, ಹಣ್ಣುಗಳನ್ನು ನೆನೆಯಿಸಿ ಪಾನೀಯ ಮಾಡುವದಕ್ಕೆ ಬಳಸುವರು. ಬಲ್ಲವರು ತೆಳುವಾಗಿಸುವದನ್ನು ಅರಿಯದವರು ಪೌರುಷವೆಂದು ಹೊಗಳುವರು.

ಆ ಮಾತಿಗೆ ಹದಿನೈದರ ಹುಡುಗನೊಬ್ಬನು ಕಿವಿಗೊಟ್ಟಿರಬಹುದು. ಹೆಸರನ್ನು ಹೇಳಿದವನು ಅವನಿಗೆ ಈ ಲೆಕ್ಕವನ್ನೂ ಹೇಳಲಿ. ಆಟದಲ್ಲಿ ಸತ್ತವನು ಮರಳಿ ಏಳುವನು. ಪಂಥ ಕಟ್ಟಿ ಕುಡಿದವನಿಗೆ ಆ ಭರವಸೆಯಿಲ್ಲ.