ಉರ್ದು ಫಲಕದ ಹಿಂದೆ ಕನ್ನಡ ಪಾಠ

ಹೈದರಾಬಾದ್ ಸಂಸ್ಥಾನದ ವಿಮೋಚನೆಯ ದಿನವಾದ ಸೆಪ್ಟೆಂಬರ್ 17 ಸಮೀಪಿಸಿತೆಂದರೆ, ಮನೆಯಲ್ಲಿ ಕನ್ನಡವನ್ನೂ ಸಂತೆಯಲ್ಲಿ ಮರಾಠಿ ತೆಲುಗುಗಳನ್ನೂ ಹಳೆಯ ಜಮೀನು ಕಾಗದಗಳಲ್ಲಿ ಉರ್ದುವನ್ನೂ ಕಂಡು ಬೆಳೆದ ಬೀದರ ಜಿಲ್ಲೆಯ ಚಿಂತಾಕಿ ಸೀಮೆಯ ನನ್ನಂಥವರ ಮನಸ್ಸು ತಾನೇ ತಾನಾಗಿ ಭಾಲ್ಕಿಯ ಹಿರೇಮಠದ ಕಡೆಗೆ ತಿರುಗುತ್ತದೆ. ಉರ್ದುವೇ ರಾಜಭಾಷೆಯೂ ವಿದ್ಯಾಭಾಷೆಯೂ ಆಗಿದ್ದ ನಿಜಾಮರ ಕಾಲದಲ್ಲಿ, ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಬಾಗಿಲಿಗೆ ಉರ್ದು ಫಲಕವನ್ನು ತೂಗಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹೊರಗಿನ ಬೀದಿಯಲ್ಲಿ ಅಧಿಕಾರಿಯ ಹೆಜ್ಜೆಯ ಸಪ್ಪಳ, ಒಳಗೆ ಪಾಟಿಯ ಮೇಲೆ ಬಳಪದಿಂದ ಅ ಆ ತಿದ್ದುವ ಪುಟ್ಟ ಬೆರಳುಗಳು. ನಡುವೆ ಒಂದೇ ಒಂದು ಹಲಗೆ. ಈ ಚಿತ್ರವನ್ನು ನೆನೆದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ.

ಕಮಲನಗರದಲ್ಲಿ 1889ರಲ್ಲಿ ಜನಿಸಿ 1999ರವರೆಗೆ ಶತಾಯುಷಿಗಳಾಗಿ ಬಾಳಿದ ಆ ವಿರಕ್ತರಿಗೆ ಪೂಜೆ, ಜಪ, ಪ್ರವಚನಗಳಲ್ಲಿಯೇ ನೆಮ್ಮದಿಯಾಗಿ ಕಾಲ ಕಳೆಯಲು ಅಡ್ಡಿಯೇನಿತ್ತು? ಪ್ರಭುತ್ವವು ಮಠದ ಘಂಟಾನಾದವನ್ನು ನಿಲ್ಲಿಸಿರಲಿಲ್ಲ. ಆದರೆ ಲಿಂಗಪೂಜೆಗೆ ಅನುಮತಿಯಿದ್ದು ಮಗುವಿನ ನುಡಿಗೆ ಅನುಮತಿಯಿಲ್ಲದ ರಾಜ್ಯದಲ್ಲಿ ತಮ್ಮ ಪೂಜೆಯೂ ಅಪೂರ್ಣವೆಂದು ಅವರು ಬಗೆದರೆಂದೇ ನಾನು ತಿಳಿದಿದ್ದೇನೆ. ತನ್ನ ಗುಡಿಯೊಂದು ಸುರಕ್ಷಿತವಾಗಿದ್ದರೆ ಸಾಕೆಂಬ ಭಕ್ತಿ ಭೀರುತ್ವಕ್ಕೆ ಬಹಳ ಹತ್ತಿರದ ನೆಂಟ. ಸ್ವಾತಂತ್ರ್ಯವನ್ನು ಕಾಯುವ ಹೊರೆಯನ್ನು ಅದು ಯಾವಾಗಲೂ ಪರರ ಹೆಗಲಿಗೇ ವರ್ಗಾಯಿಸುತ್ತದೆ.

ಅದೇ ಕಾಲದಲ್ಲಿ, ಕಾಷಾಯವನ್ನುಟ್ಟ ಇನ್ನೊಬ್ಬ ಸಂನ್ಯಾಸಿ ಸ್ವಾಮಿ ರಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ನೇತೃತ್ವ ವಹಿಸಿ ಸೆರೆಮನೆ ಸೇರಿದರು. ಸಭೆ ಸೇರಬೇಕಾದರೂ ಸರಕಾರದ ಅಪ್ಪಣೆಯನ್ನು ಬೇಡಬೇಕಾಗಿದ್ದ ಆ ಸಂಸ್ಥಾನದಲ್ಲಿ, ಸರ್ವಸಂಗವನ್ನೂ ತೊರೆದವರೊಬ್ಬರು ಪ್ರಜೆಯ ಹಕ್ಕನ್ನು ಮಾತ್ರ ತೊರೆಯಲೊಲ್ಲೆನೆಂದದ್ದು ನನಗೆ ವಿರೋಧಾಭಾಸವಾಗಿ ಕಾಣುವುದಿಲ್ಲ. ತನಗಾಗಿ ಏನನ್ನೂ ಬೇಡದವನಿಗಲ್ಲವೇ ಎಲ್ಲರ ಪರವಾಗಿ ಬೇಡುವ ಅಧಿಕಾರ!

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧಸತ್ಯವಾದೀತು. 1948ರ ಆಗಸ್ಟ್ ತಿಂಗಳಲ್ಲಿ, ಹೈದರಾಬಾದಿನಲ್ಲಿ, ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರಾದ ಶೋಯೆಬುಲ್ಲಾ ಖಾನರನ್ನು ಹಂತಕರು ಅಡ್ಡಗಟ್ಟಿ ಕೊಂದರು. ಬರೆಯುವ ಕೈಯನ್ನೇ ಕತ್ತರಿಸಿದರು. ಅವರು ಮಾಡಿದ ಅಪರಾಧವೆಂದರೆ, ಮುಸಲ್ಮಾನರಾಗಿದ್ದೂ ನಿಜಾಮ ಪಕ್ಷದ ಸಶಸ್ತ್ರ ಪಡೆಯಾದ ರಜಾಕಾರರ ಹಿಂಸೆಯನ್ನು ಖಂಡಿಸಿ, ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದು ಬರೆದದ್ದು. ಅನ್ಯಮತೀಯರ ಅನ್ಯಾಯವನ್ನು ಖಂಡಿಸುವುದಕ್ಕೆ ಹೆಚ್ಚು ಧೈರ್ಯ ಬೇಕಾಗಿಲ್ಲ. ತನ್ನವರು ತನ್ನ ಧರ್ಮದ ಹೆಸರನ್ನೇ ಹೇಳಿ ಖಡ್ಗವೆತ್ತಿದಾಗ ಅವರೆದುರಿಗೆ ನಿಂತು ‘ಇದು ಸಲ್ಲ’ ಎನ್ನುವವನ ಶ್ರದ್ಧೆ ಪುಟಕ್ಕಿಟ್ಟ ಚಿನ್ನ. ಆ ಹೆಸರು ನಮ್ಮ ಕಡೆಯ ಮಕ್ಕಳಿಗೆ ತಿಳಿಯದಿರುವುದು ನನ್ನ ನಿಡುಗಾಲದ ವ್ಯಥೆ.

ನಮ್ಮ ಜಿಲ್ಲೆಯ ಗೋರಟಾದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಾವು ಮರೆತಿಲ್ಲ, ಮರೆಯಲೂ ಬಾರದು. ಆದರೆ ಸೆಪ್ಟೆಂಬರ್ 13ರಿಂದ 17ರವರೆಗೆ ಜರುಗಿದ, ಭಾರತ ಸೇನೆಯ ‘ಪೊಲೀಸ್ ಕಾರ್ಯಾಚರಣೆ’ಯ ತರುವಾಯ ಬೀದರ, ಗುಲಬರ್ಗಾ, ಉಸ್ಮಾನಾಬಾದ್, ನಾಂದೇಡ್ ಜಿಲ್ಲೆಗಳಲ್ಲಿ ನಿರಪರಾಧಿಗಳಾದ ಮುಸಲ್ಮಾನರ ಮೇಲೆ ಎರಗಿದ ಪ್ರತೀಕಾರವನ್ನು, ನೆಹರೂ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ನೋಡಿ, ಇಡೀ ಸಂಸ್ಥಾನದಲ್ಲಿ ಸತ್ತವರ ಸಂಖ್ಯೆ 27,000ದಿಂದ 40,000 ಎಂದು ಅಂದಾಜಿಸಿತೆಂಬುದನ್ನು ನಮ್ಮ ಯಾವ ವೇದಿಕೆಯಲ್ಲಿಯೂ ನಾನು ಕೇಳಿಲ್ಲ. ಆ ವರದಿಯನ್ನು ಬಹುಕಾಲ ಬೆಳಕಿಗೆ ತರಲಿಲ್ಲ. ಒಂದು ಶೋಕವನ್ನು ಸ್ಮಾರಕವಾಗಿಸಿ ಮತ್ತೊಂದನ್ನು ಮೌನದಲ್ಲಿ ಹೂತಿಟ್ಟ ನಾಡಿನಲ್ಲಿ ವಿಮೋಚನೆಯೆಂಬ ಶಬ್ದವನ್ನು ನಾನು ಉಚ್ಚರಿಸುವಾಗ ಗಂಟಲು ಸ್ವಲ್ಪ ತಡೆಯುತ್ತದೆ.

ವಿಮೋಚನೆಯ ಬಳಿಕ ನಮ್ಮದಾದ ಸಂವಿಧಾನದ 25ನೆಯ ಅನುಚ್ಛೇದವು ಮೊದಲು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳಿ, ಧರ್ಮಾಚರಣೆಯನ್ನು ಅದರ ಅನಂತರ ಹೇಳುತ್ತದೆ. ಅದನ್ನೂ ‘ಎಲ್ಲ ವ್ಯಕ್ತಿಗಳಿಗೂ’ ಎಂದು ಹೇಳುತ್ತದೆ. ನೆರೆಯವನ ಅಂತಃಸಾಕ್ಷಿಗೆ ಕಾವಲು ನಿಲ್ಲದವನು ತನ್ನ ಜಾತ್ರೆಗೆ ಮಾತ್ರ ಆ ಅನುಚ್ಛೇದದ ಆಶ್ರಯವನ್ನು ಕೇಳುವುದೆಂತು?

ಹೀಗೆ ಒಬ್ಬರ ಶ್ರದ್ಧೆಗೆ ಮತ್ತೊಬ್ಬರು ಕಾವಲಾಗಿ ಬದುಕುವುದು ನಮಗೆ ಹೊಸದೂ ಅಲ್ಲ. ಬೀದರ ಹೊರವಲಯದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯ ಉರುಸು ಹೋಳಿಯ ಬಳಿಕ ನಡೆಯುವಾಗ, ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರು ಬಂದು, ಕಾಯಿಯೊಡೆದು, ಹೂವೇರಿಸುವರು. ಆ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಂಡ ಜನ ಇಂದಿಗೂ ಅಲ್ಲಿ ನೆರೆಯುವರು. ಗುಮ್ಮಟದೊಳಗಿನ ಆ ಮಂದ ಬೆಳಕಿನಲ್ಲಿ ಕಾಯಿಯ ನೀರು ನೆಲದ ಮೇಲೆ ಹರಿಯುವಾಗ, ಯಾರೂ ಯಾರ ಮತವನ್ನೂ ವಿಚಾರಿಸುವುದಿಲ್ಲ.

ಈ ಸಾರಿ ಸೆಪ್ಟೆಂಬರ್ 17ರಂದು, ನಮ್ಮೂರ ಶಾಲೆಯಲ್ಲಿ ಧ್ವಜವೇರಿದ ಮೇಲೆ, ಮಕ್ಕಳಿಗೆ ಪಟ್ಟದ್ದೇವರ ಉರ್ದು ಫಲಕದ ಕಥೆಯೊಡನೆ ಉರ್ದು ಸಂಪಾದಕರ ಕತ್ತರಿಸಿದ ಕೈಯ ಕಥೆಯನ್ನೂ ಹೇಳಲು ಅವಕಾಶ ಕೊಡಬೇಕೆಂದು ಮುಖ್ಯ ಗುರುಗಳಲ್ಲಿ ಬಿನ್ನವಿಸಿಕೊಂಡಿದ್ದೇನೆ. ಹತ್ತು ನಿಮಿಷ ಕೊಟ್ಟಿದ್ದಾರೆ.